ಪಿಸುಮಾತಿನ ಗುಡ್ಡಕ್ಕೆ ಗಿರಣಿ ಅತ್ತೆ

ನಮ್ಮ ಅತ್ತೆಗೆ ಪಿಸುಗುಟ್ಟಲು ಬರುವುದಿಲ್ಲ. ಹಿಟ್ಟಿನ ಗಿರಣಿಯಲ್ಲೇ ದುಡಿದವಳು. ಮೋಟಾರಿನ ಗುಡುಗು, ಬೆಲ್ಟಿನ ಪಟಪಟ, ಕಲ್ಲಿನ ಗರಗರ ಇವೆಲ್ಲದರ ಮೇಲೆ ಮಾತು ಏರಿಸಿ ಏರಿಸಿ ದನಿ ಮೇಲೆಯೇ ನಿಂತುಬಿಟ್ಟಿದೆ. ಗಿರಣಿ ನಿಲ್ಲಿಸಿದರೂ ಅದು ಇಳಿಯುವುದಿಲ್ಲ. "ನಿನಗೊಬ್ಬಳಿಗೇ ಹೇಳ್ತೀನಿ ಕಣೇ, ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದು ಅವಳು ಶುರು ಮಾಡಿದರೆ ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತಾನೆ. ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ಮಣ್ಣು ಮುಕ್ಕಿದ ಸುದ್ದಿ ಇಡೀ ಬೀದಿಗೆ ಗೊತ್ತಾದದ್ದು ಅವಳು ನನ್ನನ್ನು ಸಮಾಧಾನ ಮಾಡಿದ್ದರಿಂದ. ಅದಕ್ಕೆ ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ.

ಗಿರಣಿ ತಾತನದು. ತಾತನ ಕೈ ಬೆಲ್ಟಿಗೆ ಸಿಕ್ಕಿ ಮುರಿದಾಗ ಅಪ್ಪನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅವನ ಅಕ್ಕ, ಅಂದರೆ ನಮ್ಮ ಅತ್ತೆ, ತಲೆಗೊಂದು ಬಟ್ಟೆ ಬಿಗಿದುಕೊಂಡು ಗಿರಣಿಯೊಳಗೆ ನಿಂತಳು, ನಿಂತವಳು ನಿಂತೇಬಿಟ್ಟಳು. ತಮ್ಮನನ್ನು ಓದಿಸಿದಳು, ಅವನಿಗೆ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಬೀದಿಗೆಲ್ಲ ಸಾರಿದಳು, ಮದುವೆಯನ್ನೂ ಮಾಡಿಸಿದಳು. ಸಂಜೆ ಮನೆಗೆ ಬಂದಾಗ ಅವಳ ಹುಬ್ಬು, ರೆಪ್ಪೆ, ಕಿವಿಯ ಪಕ್ಕದ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗಾಗಿರುತ್ತಿದ್ದವು. ಮುಖ ತೊಳೆದು ಬಂದರೆ ಎಷ್ಟು ಲಕ್ಷಣವಾಗಿದ್ದಾಳಲ್ಲ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು.

ಅವಳಿಗೂ ಸಂಬಂಧಗಳು ಬಂದಿದ್ದವು. ಒಬ್ಬ ಗುಮಾಸ್ತ ಬಂದು ಕುಳಿತ. "ಚಹಾ ತಗೊಳ್ಳಿ!" ಎಂದಳು ಅತ್ತೆ. ಬೆಚ್ಚಿಬಿದ್ದವನು ಚಹಾವನ್ನು ತೊಡೆಯ ಮೇಲೆ ಚೆಲ್ಲಿಕೊಂಡು ಎದ್ದುಹೋದ. ಇನ್ನೊಬ್ಬನ ತಾಯಿ, "ನಮಗೆ ಬೇಕಾಗಿದ್ದು ಸೊಸೆ, ಸೈರನ್ ಅಲ್ಲ" ಎಂದು ಮೆಟ್ಟಿಲಿಳಿದಳು. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆ ಆಮೇಲೆ ಮದುವೆಯ ಮಾತೆತ್ತಲಿಲ್ಲ. ನಾನು ಕಾಲೇಜು ಸೇರುವಷ್ಟು ದೊಡ್ಡವಳಾದೆ; ಅವಳ ಕೂದಲು ಹಿಟ್ಟಿಲ್ಲದೆಯೂ ಬೆಳ್ಳಗಾಗತೊಡಗಿತು.

ಹೀಗಿರುವಾಗ, ಗೋಧಿ ಬೀಸಿಸಲು ಬರುವ ನರ್ಸಮ್ಮ ಒಂದು ಸಂಬಂಧ ತಂದರು. ಹುಡುಗ ಅವರ ಚಿಕ್ಕಮ್ಮನ ಮಗ. ಹುಡುಗನೇನು ಬಂತು, ಅತ್ತೆಗಿಂತ ನಾಲ್ಕು ಮಳೆಗಾಲ ಹೆಚ್ಚೇ ಕಂಡವರು. ಕಡಲಿನೊಳಕ್ಕೆ ಚಾಚಿಕೊಂಡ ಒಂದು ಬಂಡೆಗುಡ್ಡದ ಮೇಲೆ ಹಕ್ಕಿಗಳ ಕಾವಲು ಅವರ ಕೆಲಸ. ಫೋಟೋದಲ್ಲಿ ಕೊರಳಲ್ಲಿ ದುರ್ಬೀನು, ಕೆದರಿದ ತಲೆ, ಭುಜದ ಮೇಲೆ ಹಕ್ಕಿಯ ಹಿಕ್ಕೆ. ಫೋಟೋಗೆ ನಿಲ್ಲುವ ಮೊದಲು ಅದನ್ನಾದರೂ ಒರೆಸಿಕೊಳ್ಳಬಾರದಿತ್ತೇ ಎಂದು ಅಮ್ಮ ಮೂಗು ಮುರಿದಳು. ಅತ್ತೆ ಮಾತ್ರ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. "ನಂಗೆ ಇವರು ಬೇಕು ಕಣೋ!" ಎಂದಳು ಅಪ್ಪನಿಗೆ.

"ಒಳ್ಳೇದಾಗ್ಲಿ!" ಎಂದ ಎದುರುಮನೆಯಿಂದ ದರ್ಜಿ.

ತೊಡಕಿದ್ದದ್ದು ಬೇರೆ ಕಡೆ. ಹಕ್ಕಿಗಳು ಮೊಟ್ಟೆಯಿಟ್ಟ ಕಾಲವಾದ್ದರಿಂದ ಕಾವಲುಗಾರರು ಗುಡ್ಡ ಬಿಟ್ಟು ಬರುವಂತಿರಲಿಲ್ಲ, ನಾವೇ ಹೋಗಬೇಕಿತ್ತು. ಆ ಕಾಲದಲ್ಲಿ ಗುಡ್ಡದ ಮೇಲೆ ಯಾರೂ ದನಿಯೆತ್ತುವಂತೆಯೂ ಇರಲಿಲ್ಲ. ಹಕ್ಕಿಗಳಿಗೆ ತಮ್ಮ ಗಲಾಟೆ ಎಷ್ಟಿದ್ದರೂ ಸರಿ, ಮನುಷ್ಯರ ಕೂಗು ಮಾತ್ರ ಆಗಿಬರುವುದಿಲ್ಲವಂತೆ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಅಕ್ಕ, ಹೋಗಿ ಬರೋತನಕ ನೀನು ಬಾಯಿ ತೆರೀಬಾರದು. ಗಂಟಲು ನೋವು ಅಂತ ನಾನು ಹೇಳಿಬಿಡ್ತೀನಿ."

"ಸುಳ್ಳು ಹೇಳಿ ಮದುವೆ ಆಗ್ಲೇನೋ?"

"ಮೊದಲು ಆಗಿ ಅತ್ತಿಗೆ, ನಿಜ ಆಮೇಲೆ ಹೇಳಿದ್ರಾಯ್ತು. ಎಲ್ಲರೂ ಹಾಗೇ ಮಾಡೋದು" ಎಂದಳು ಅಮ್ಮ. ಅಪ್ಪ ಅವಳ ಕಡೆ ಅನುಮಾನದಿಂದ ನೋಡಿದ.

ಬಸ್ಸಿನಲ್ಲಿ ಹೊರಟೆವು. ಅತ್ತೆಯ ಬಾಯಿಗೆ ಅಮ್ಮ ಪೆಪ್ಪರಮಿಂಟು ತುರುಕಿದ್ದಳು. ಕೊನೆಯ ತಿರುವಿನಲ್ಲಿ ಕಡಲು ಕಂಡಿತು. ಕೂಗಲಾರದ ಅತ್ತೆ ನನ್ನ ತೊಡೆಯನ್ನು ಎಷ್ಟು ಜೋರಾಗಿ ಗಿಲ್ಲಿದಳೆಂದರೆ ಅವಳ ಬದಲು ನಾನೇ ಕೂಗಿಕೊಂಡೆ.

ಗುಡ್ಡದ ಬುಡದಲ್ಲಿ, ‘ಇಲ್ಲಿಂದ ಮುಂದೆ ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಪಕ್ಕ, ಕಾವಲುಗಾರರು ಫ್ಲಾಸ್ಕ್ ಹಿಡಿದು ಕಾಯುತ್ತಿದ್ದರು. ಗಂಟಲು ನೋವಿನ ಸುದ್ದಿಯನ್ನು ಅಪ್ಪ ಮೊದಲೇ ಮುಟ್ಟಿಸಿದ್ದ. ಅವರು ಬಿಸಿನೀರಿಗೆ ಜೇನುತುಪ್ಪ ಬೆರೆಸಿ ತಂದಿದ್ದರು. ಲೋಟಕ್ಕೆ ಬಗ್ಗಿಸಿ, ಆರಿದೆಯೇ ಎಂದು ಹೊರಗಿನಿಂದ ಮುಟ್ಟಿ ನೋಡಿ, ಅತ್ತೆಯ ಕೈಗೆ ಕೊಟ್ಟರು. ಯಾರೂ ಅವಳಿಗೆ ಹಾಗೆ ಏನನ್ನೂ ಆರಿಸಿ ಕೊಟ್ಟಿರಲಿಲ್ಲ. ಅತ್ತೆ ಕುಡಿಯುತ್ತ ಕುಡಿಯುತ್ತ ಕೆಂಪಾದಳು.

ಮೇಲೆ ಹತ್ತಿದೆವು. ಗಾಳಿಯೆಂದರೆ ಗಾಳಿ! ಅಪ್ಪನ ಅಂಗಿ ಉಬ್ಬಿ ಅವನು ಎರಡರಷ್ಟು ದಪ್ಪ ಕಾಣುತ್ತಿದ್ದ. ಮಾತು ಬಾಯಿಂದ ಹೊರಬೀಳುವ ಮೊದಲೇ ಹಾರಿಹೋಗುತ್ತಿತ್ತು. ತುದಿಯಲ್ಲಿ ನಿಂತರೆ ಬಂಡೆ ಕಾಲಡಿಯಿಂದ ನೆಟ್ಟಗೆ ಕೆಳಗಿಳಿದಿತ್ತು. ಕೆಳಗೆ ನೀರು ಹಸಿರಾಗಿ ಬಂದು ಬಿಳಿಯಾಗಿ ಒಡೆದು ಮತ್ತೆ ಹಸಿರಾಗುತ್ತಿತ್ತು. ಬಂಡೆಯ ಒಂದೊಂದು ಅಂಚಿನಲ್ಲೂ ಕಡಲಕ್ಕಿಗಳು, ಬಿಳಿ ಮೈ, ಮಸಿಯಲ್ಲಿ ಅದ್ದಿದಂಥ ರೆಕ್ಕೆತುದಿ. ಜಾಗ ಸಾಲದೆ ಅಕ್ಕಪಕ್ಕದವರನ್ನು ಕುಕ್ಕಿ ಜಗಳವಾಡುತ್ತಲೇ ಮೊಟ್ಟೆಗೆ ಕಾವು ಕೊಡುತ್ತಿದ್ದವು. ಅಲೆಗಳಾಚೆಯ ಚಪ್ಪಟೆ ಕಲ್ಲುಗಳ ಮೇಲೆ ಮೀಸೆಯ ನೀರುನಾಯಿಗಳು, ಉಂಡು ಹೊಟ್ಟೆ ಮೇಲೆ ಮಾಡಿ ಮಲಗಿದ ದೊಡ್ಡಪ್ಪಂದಿರ ಹಾಗೆ. ನನಗೆ ತಲೆ ಗಿರ್ರೆಂದಿತು, ಹೆದರಿಕೆಗಲ್ಲ, ಖುಷಿಗೆ. ಅತ್ತೆಯಂತೂ ಎರಡೂ ತೋಳು ಚಾಚಿ ಗಾಳಿಗೆ ಮೈ ಒರಗಿಸಿ ನಿಂತಳು. ತುಟಿ ಬಿಗಿದುಕೊಂಡೇ ನಗುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು.

ಕಾವಲುಗಾರರು ಅದನ್ನು ಇದನ್ನು ತೋರಿಸಿ ಏನೇನೋ ಹೇಳುತ್ತಿದ್ದರು. ವರ್ಷಗಟ್ಟಲೆ ಪಿಸುಗುಟ್ಟಿಯೇ ಅಭ್ಯಾಸವಾದವರು. ಆ ಗಾಳಿಯಲ್ಲಿ ನಮಗೆ ಒಂದಕ್ಷರ ಕೇಳಿಸಲಿಲ್ಲ. ಅಪ್ಪ ಮರ್ಯಾದೆಗೆ ತಲೆಯಾಡಿಸುತ್ತಿದ್ದ. ಅತ್ತೆ ಮಾತ್ರ ಕಣ್ಣರಳಿಸುತ್ತಿದ್ದಳು, ಬೆರಳು ಮಾಡಿ ಏನೋ ಕೇಳುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅತ್ತಿಗೆಗೆ ಅದು ಹೇಗೆ ಕೇಳಿಸ್ತಿದೆಯೇ?" ಎಂದು ಅಮ್ಮ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು. ಕೇಳಿಸುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ‘ಸಣ್ಣಗೆ ಬೀಸಿ’, ‘ಸ್ವಲ್ಪ ತರಿ ಇರಲಿ’ ಎನ್ನುವುದನ್ನೆಲ್ಲ ಅವಳು ಗಿರಾಕಿಗಳ ತುಟಿ ನೋಡಿಯೇ ತಿಳಿಯುವುದು. ಅಲ್ಲಿ ಅವರಿಬ್ಬರ ನಡುವೆ ಆಗಲೇ ಸೊಗಸಾಗಿ ಮಾತುಕತೆ ನಡೆದಿತ್ತು. ನಾವು ಮೂವರೇ ಕಿವುಡರು.

ಅಷ್ಟರಲ್ಲಿ ಕಾವಲುಗಾರರು ಎಡಗಡೆಯ ಒಂದು ಚಾಚುಬಂಡೆಯತ್ತ ಕೈ ತೋರಿಸಿ ಏನೋ ಹೇಳಿದರು. ಅಪ್ಪ, "ಹೌದೌದು, ಬಹಳ ಚೆನ್ನಾಗಿದೆ" ಎಂದು ನೀರುನಾಯಿಗಳ ಫೋಟೋ ತೆಗೆಯಲು ನೇರ ಅತ್ತಲೇ ಹೊರಟ. ಅವರ ತುಟಿ ಓದಿದ್ದವಳು ಅತ್ತೆಯೊಬ್ಬಳೇ. ಅವರು ಹೇಳಿದ್ದು, ಆ ಬಂಡೆ ಸಡಿಲವಾಗಿದೆ, ಅಲ್ಲಿಗೆ ಕಾಲಿಡಬೇಡಿ ಎಂದು.

ಅವಳು ಕೈ ಬೀಸಿದಳು, ಅಪ್ಪ ತಿರುಗಿ ನೋಡಲಿಲ್ಲ. ಕಾವಲುಗಾರರು ಓಡಿದರು, ಆದರೆ ದೂರವಿತ್ತು. ಬಾಯಿ ತೆರೆದರೂ ಅವರ ಗಂಟಲಿನಿಂದ ಕೂಗು ಹೊರಡಲಿಲ್ಲ. ಅತ್ತೆ ಒಂದು ಸಲ ಹಕ್ಕಿಗಳನ್ನು ನೋಡಿದಳು, ಒಂದು ಸಲ ಅವರ ಬೆನ್ನನ್ನು ನೋಡಿದಳು. ಪೆಪ್ಪರಮಿಂಟನ್ನು ಉಗಿದಳು.

"ಲೋ ಅವಿವೇಕಿ! ನಿಲ್ಲೋ ಅಲ್ಲೇ!"

ಗುಡ್ಡ ಅದುರಿತು. ಬಂಡೆಯ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ನಮ್ಮ ಸುತ್ತ ಆಕಾಶವೇ ಕಾಣದಷ್ಟು ರೆಕ್ಕೆ! ನೀರುನಾಯಿಗಳು ಒಂದರ ಮೇಲೊಂದು ಬಿದ್ದು ನೀರಿಗೆ ದುಡುಮ್ಮೆಂದು ಜಾರಿದವು. ಅಪ್ಪ ಇದ್ದಲ್ಲೇ ಕುಂಡಿಯೂರಿ ಕುಳಿತ. ಅವನ ಒಂದು ಚಪ್ಪಲಿ ಮಾತ್ರ ಒಂದು ಹಿಡಿ ಕಲ್ಲಿನ ಜೊತೆ ಕೆಳಗೆ ಹೋಯಿತು.

ಕಾವಲುಗಾರರು ಅವನ ಕಾಲರ್ ಹಿಡಿದು ಹಿಂದಕ್ಕೆಳೆದರು. ಆಮೇಲೆ ನಮ್ಮ ಯಾರ ಕಡೆಗೂ ನೋಡದೆ ದುರ್ಬೀನು ಎತ್ತಿ ಹಕ್ಕಿಗಳನ್ನೇ ನೋಡುತ್ತ ನಿಂತರು. ಅತ್ತೆ ಕುಕ್ಕರುಗಾಲಿನಲ್ಲಿ ಕುಳಿತು ಅಳತೊಡಗಿದಳು. ಗಂಟಲು ನೋವಿನ ಸುಳ್ಳು ಬಯಲಾಗಿತ್ತು, ಮೊಟ್ಟೆಗಳು ಬರಿಗಾಳಿಗೆ ಬಿದ್ದಿದ್ದವು, ಇಷ್ಟು ವರ್ಷಕ್ಕೆ ಮನಸ್ಸಿಗೆ ಬಂದ ಒಬ್ಬರೂ ಕೈತಪ್ಪಿದ್ದರು. ಅಳುವಾಗಲೂ ಪಾಪ, ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಹಕ್ಕಿಗಳು ಸುತ್ತಿ ಸುತ್ತಿ ಇಳಿದವು. ಕೊನೆಯದೂ ತನ್ನ ಜಾಗ ಹುಡುಕಿ, ಪಕ್ಕದವಳನ್ನು ಕುಕ್ಕಿ ಕುಳಿತ ಮೇಲೆ ಕಾವಲುಗಾರರು ದುರ್ಬೀನು ಇಳಿಸಿ ಅತ್ತೆಯ ಎದುರು ಬಂದು ಕುಳಿತರು. ಏನೋ ಹೇಳಿದರು. ಅತ್ತೆ ಅಳು ನಿಲ್ಲಿಸಿದಳು. ಅವರು ಮತ್ತೆ ಹೇಳಿದರು.

"ಏನಂದ್ರು ಅತ್ತಿಗೆ? ಏನಂದ್ರು?" ಅಮ್ಮ ಚಡಪಡಿಸಿದಳು. ಅತ್ತೆ ಹಕ್ಕಿಗಳತ್ತ ಬೆರಳು ತೋರಿಸಿದಳು, ತನ್ನ ಬಾಯಿ ತೋರಿಸಿದಳು, ತಲೆಯಲ್ಲಾಡಿಸಿದಳು. ಥಟ್ಟನೆ ಎದ್ದು, ಬಾಯಿಗೆ ಕೈ ಒತ್ತಿಕೊಂಡೇ, ಬಂದ ದಾರಿಯಲ್ಲಿ ಕೆಳಗೆ ಓಡಿದಳು. ಗಾಳಿಗೆಂದು ಕಟ್ಟಿದ್ದ ತಲೆಯ ಬಟ್ಟೆ ಹಾರಿಹೋಯಿತು, ಹಿಂದಿರುಗಿ ನೋಡಲಿಲ್ಲ. ನಾಚಿಕೆಗೆ ಓಡಿಹೋದಳು ಎಂದುಕೊಂಡೆವು. ಕಾವಲುಗಾರರ ಮುಖ ಸಪ್ಪಗಾಯಿತು.

ಬೋರ್ಡು ದಾಟಿ, ಬಸ್ಸು ನಿಲ್ಲುವ ರಸ್ತೆ ಮುಟ್ಟಿ, ಅತ್ತೆ ತಿರುಗಿ ನಿಂತಳು. ಹೆಬ್ಬೆರಳಷ್ಟು ಕಾಣುತ್ತಿದ್ದಳು. ಆದರೆ ದನಿ ನಾವಿದ್ದಲ್ಲಿಗೆ ಇಡಿಯಾಗಿ ಬಂತು.

"ಈ ದನಿ ನಿಮ್ಮ ಮನೆ ತುಂಬ ಬೇಕು ಅಂದ್ರಲ್ಲಾ! ಒಪ್ಪಿಗೇ! ನಂಗೆ ಒಪ್ಪಿಗೇ! ಆದ್ರೆ ಗಿರಣಿ ಬಿಡಲ್ಲಾ!"

ನಿಂತಿದ್ದ ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಗುಡ್ಡದ ಮೇಲೆ ಒಂದು ಹಕ್ಕಿಯೂ ಕದಲಲಿಲ್ಲ. ಅಮ್ಮ ಅಪ್ಪನನ್ನು ತಬ್ಬಿಕೊಂಡಳು, ಅಪ್ಪ ಒಂಟಿ ಚಪ್ಪಲಿಯಲ್ಲೇ ಕುಣಿದ. ಕಾವಲುಗಾರರು ಎರಡೂ ಕೈ ಮೇಲೆತ್ತಿ ಏನೋ ಹೇಳಿದರು. ಅಷ್ಟು ದೂರಕ್ಕೆ ತುಟಿ ಕಾಣಲಿಲ್ಲವೇನೋ.

"ಏನಂತೇ?" ಎಂದು ಕೆಳಗಿನಿಂದ ಕೂಗಿದಳು ಅತ್ತೆ.

ಅವರ ಪಕ್ಕದಲ್ಲೇ ಇದ್ದ ನನಗೆ ಈ ಸಲ ಕೇಳಿಸಿತ್ತು. "ಗಿರಣಿ ಹತ್ರಾನೇ ಮನೆ ಮಾಡೋಣ, ಗೂಡಿನ ಕಾಲದಲ್ಲಷ್ಟೇ ನಾನು ಇಲ್ಲಿರ್ತೀನಿ ಅಂತ ಹೇಳಮ್ಮ" ಎಂದಿದ್ದರು ಅವರು. ಹೇಳಬೇಕು, ಆದರೆ ಗುಡ್ಡದ ಮೇಲೆ ನಿಂತು ಕೂಗುವಂತಿಲ್ಲ. ನಾನೂ ಬಾಯಿಗೆ ಕೈ ಒತ್ತಿಕೊಂಡು ಇಳಿಜಾರಿನಲ್ಲಿ ಓಡಿದೆ.