ಒಂದೇ ಖಾನೆಯ ಹೊಲ

ಜಹೀರಾಬಾದಿನ ಹೆದ್ದಾರಿ ಬದಿ, ಟೈರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಐದು ಕಂಪ್ಯೂಟರುಗಳ ಒಂದು ಕಂಪನಿ ಇತ್ತು. ಲಾರಿ ಹಾದಾಗಲೆಲ್ಲ ಕಟ್ಟಡ ಎಷ್ಟು ನಡುಗುತ್ತಿತ್ತೆಂದರೆ, ಬೆಳಿಗ್ಗೆ ಗೋಡೆಯ ಹತ್ತಿರ ಕೂತವರು ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಬಂದಿರುತ್ತಿದ್ದರು. ಅಲ್ಲಿ ಧಮ್ಮಶೀಲಾ ನಾಲ್ಕು ವರ್ಷ ಪ್ರೋಗ್ರಾಂ ಬರೆದಳು. ಮೊಗುಡಂಪಲ್ಲಿಯ ಸಾಯಮ್ಮನ ಮಗಳು, ಬೀದರಿನಲ್ಲಿ ಎಂಸಿಎ ಓದಿದವಳು.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲರೂ ಮುಷ್ಕರ ಹೂಡಿದ ವರ್ಷ. ಬಸ್ಸುಗಳು ಡಿಪೋದಲ್ಲೇ ನಿಂತು ಜೇಡಗಳಿಗೆ ಮನೆಯಾಗಿದ್ದವು. ಕಂಪನಿಯ ಮಾಲೀಕ ಮನ್ಮಥಪ್ಪನ ಅಕ್ಕನ ಮಗ ಅಮರನಾಥ ಹೈದರಾಬಾದಿನಿಂದ ಊರಿಗೆ ಬಂದವನು ಇಲ್ಲೇ ಸಿಕ್ಕಿಬಿದ್ದ. ಅವನ ಬಳಿ ಸರ್ಟಿಫಿಕೇಟ್ ಇತ್ತು, ಕೆಲಸ ಇರಲಿಲ್ಲ. ಮನ್ಮಥಪ್ಪ ಅವನನ್ನು ಧಮ್ಮಶೀಲಾಳ ಕುರ್ಚಿಯಲ್ಲಿ ಕೂರಿಸಿ, ಅವಳಿಗೆ ನೀರಿನ ಡ್ರಮ್ಮಿನ ಪಕ್ಕ ಸ್ಟೂಲ್ ಹಾಕಿಸಿ, ಇನ್ನು ಮುಂದೆ ಟೆಸ್ಟಿಂಗ್ ನೋಡಿಕೋ ಎಂದ. ಅವನ ಪ್ರಕಾರ ಪ್ರೋಗ್ರಾಂ ಬರೆಯುವವನು ಮದುಮಗ. ಟೆಸ್ಟ್ ಮಾಡುವವಳು ಪಂಕ್ತಿಯಲ್ಲಿ ಕೂತು ಉಪ್ಪು ಕಡಿಮೆ ಎನ್ನುವ ದೂರದ ಬೀಗತಿ.

ಮೊದಲ ವಾರ ಅವಳು ಸಿಟ್ಟಿನಿಂದಲೇ ಟೆಸ್ಟ್ ಮಾಡಿದಳು. ಸಿಟ್ಟು ಆ ಕೆಲಸಕ್ಕೆ ಒಳ್ಳೆಯ ಗೊಬ್ಬರ. ನಾರಾಯಣಖೇಡದ ಶಾಲೆಯೊಂದರ ಪ್ರೋಗ್ರಾಮಿನಲ್ಲಿ ಇನ್ನೂ ಹುಟ್ಟದ ಹುಡುಗನನ್ನು ಏಳನೆಯ ತರಗತಿಗೆ ಸೇರಿಸಿ, ಪಾಸು ಮಾಡಿಸಿ ತೋರಿಸಿದಳು. ಆದರೂ ಕಣ್ಣು ಕುರ್ಚಿಯ ಮೇಲೇ ಇತ್ತು.

ಒಂದು ಶನಿವಾರ ಮನ್ಮಥಪ್ಪ ಕರೆದು, ಪಸ್ತಾಪುರದ ಕಡೆಯ ಮಹಿಳಾ ಸಂಘದ ಪ್ರೋಗ್ರಾಮಿನ ಮಾತೆತ್ತಿದ. ಯಾವ ಹೊಲದಲ್ಲಿ ಏನು ಬೆಳೆದಿದೆ ಎಂದು ಬರೆದಿಡುವ ಪ್ರೋಗ್ರಾಂ ಅದು.

“ಸೋಮವಾರ ಅವ್ರು ನೋಡಾಕ ಬರ್ಲತ್ತಾರ. ಪಾಸ್ ಅಂತ ಸಹಿ ಹಾಕವ್ವ. ನಿನ್ನ ಕುರ್ಚಿ ನಿನಗ ಕೊಡ್ತೀನಿ.”

ಒಂದು ಹೊಲವನ್ನಾದರೂ ತುಂಬಿಸಿ ನೋಡಿ ಸಹಿ ಹಾಕೋಣವೆಂದು ಅವಳು ಭಾನುವಾರ, ನಮ್ಮ ಹೊಲದಲ್ಲಿ ಏನೇನು ಬಿತ್ತಿದ್ದೀ ಎಂದು ತಾಯಿಯನ್ನು ಕೇಳಿದಳು. ಸಾಯಮ್ಮ ರೊಟ್ಟಿ ಬಡಿಯುತ್ತಲೇ ಶುರುಮಾಡಿದಳು: ಜೋಳ, ತೊಗರಿ, ಸಜ್ಜೆ, ನವಣೆ, ಅಲಸಂದಿ, ಪುಂಡಿ, ಎಳ್ಳು. ರೊಟ್ಟಿ ಮುಗಿದರೂ ಬೀಜದ ಹೆಸರು ಮುಗಿಯಲಿಲ್ಲ. ಇದರಲ್ಲಿ ದೊಡ್ಡ ಬೆಳೆ ಯಾವುದೆಂದು ಮಗಳು ಕೇಳಿದಳು.

“ಅದು ಮಳಿಗಿ ಕೇಳು,” ಎಂದಳು ಸಾಯಮ್ಮ. “ಮಳಿ ಹೋದ್ರ ಒಂದು ನಿಲ್ತದ, ಹೆಚ್ಚಾದ್ರ ಇನ್ನೊಂದು ನಿಲ್ತದ. ಈಗೇ ಹೆಂಗ ಹೇಳ್ಲಿ?”

ಮುಷ್ಕರದ ದಿನಗಳಲ್ಲಿ ಅರ್ಧ ಮೊಗುಡಂಪಲ್ಲಿ ಒಂದೇ ಆಟೋದಲ್ಲಿ ಜಹೀರಾಬಾದಿಗೆ ಹೋಗುತ್ತಿತ್ತು. ಉಳಿದರ್ಧ ಅದನ್ನು ತಳ್ಳುತ್ತಿತ್ತು. ಹಾಗೆ ಬಂದಿಳಿದು ಸೋಮವಾರ ಧಮ್ಮಶೀಲಾ ತಾಯಿಯ ಹೊಲವನ್ನು ಕಂಪ್ಯೂಟರಿಗೆ ತುಂಬಿದಳು. ಜೋಳವನ್ನು ತೊಗರಿ ನುಂಗಿತು, ತೊಗರಿಯನ್ನು ಸಜ್ಜೆ ನುಂಗಿತು, ಹೀಗೆ ಒಂದನ್ನೊಂದು ತಿನ್ನುತ್ತ ಹೋಗಿ ಕಡೆಗೆ ಅಷ್ಟೂ ಹೊಲದಲ್ಲಿ ಎಳ್ಳೊಂದೇ ಉಳಿಯಿತು. ಹೊಲಕ್ಕೊಂದೇ ಬೆಳೆಯೆಂದು ಬೆಳೆಯ ಹೆಸರಿಗೆ ಪರದೆಯ ಮೇಲೆ ಒಂದೇ ಖಾನೆ ಇತ್ತು; ಹೊಸದು ಬರೆದರೆ ಹಳೆಯದು ಅಳಿಯುತ್ತಿತ್ತು. ಆ ಖಾನೆ ಅಮರನಾಥನದಲ್ಲ. ಕುರ್ಚಿಯಲ್ಲಿದ್ದಾಗ ಅವಳೇ ಮಾಡಿಟ್ಟದ್ದು. ಹತ್ತಾರು ಬೆಳೆಗಳ ನಡುವೆ ಕಳೆ ಕಿತ್ತು ಬೆಳೆದವಳು, ಕಂಪ್ಯೂಟರಿನ ಮುಂದೆ ಕೂತಾಗ ಪಠ್ಯಪುಸ್ತಕದ ಹೊಲವನ್ನು ನೆನೆದಿದ್ದಳು.

ಸುಮ್ಮನೆ ಸಹಿ ಹಾಕಿದರೆ ಕುರ್ಚಿ ಸಿಗುತ್ತಿತ್ತು. ಅವಳು ಫೇಲ್ ಎಂದು ಬರೆದು ಕಾಗದವನ್ನು ಮನ್ಮಥಪ್ಪನ ಮುಂದಿಟ್ಟಳು.

“ಈ ಪ್ರೋಗ್ರಾಂ ಬರ್ದವರು ಯಾರು?” ಎಂದು ಅವನು ಅಳಿಯನ ಕಡೆ ನೋಡಿದ.

“ನಾನೇರಿ,” ಎಂದಳು ಧಮ್ಮಶೀಲಾ.

“ನಿನ್ನ ತಪ್ಪು ನೀನೇ ಹಿಡ್ದು ನನ್ನ ಮುಂದ ತಂದಿ?”

“ಬರಿಯಾಕ ಕುಂತಾಗ ಕಾಣ್ಲಿಲ್ರಿ. ಈಗ ಕಾಣ್ತು.”

“ಹಂಗಾದ್ರ ಕುರ್ಚಿ ಹೋತು.”

“ಹೋಗ್ಲಿರಿ. ನಾ ಫೇಲ್ ಅಂದ ಪ್ರೋಗ್ರಾಂ ಯಾವ್ದೂ ಈ ಮಾಳಿಗಿ ಇಳಿಬಾರ್ದು. ಅದೊಂದು ಮಾತು ಕೊಡ್ರಿ ಸಾವ್ಕಾರ್ರ.”

ಮನ್ಮಥಪ್ಪ ಆ ಕಾಗದವನ್ನು ಎಷ್ಟು ಸಲ ತಿರುಗಿಸಿ ಓದಿದನೆಂದರೆ, ಅಷ್ಟರಲ್ಲಿ ತಾಂಡೂರಿಗೆ ನಡೆದು ಹೋಗಿ ಚಹಾ ಕುಡಿದು ಬರಬಹುದಿತ್ತು. ಮೆಟ್ಟಿಲ ಮೇಲೆ ಸಂಘದ ಹೆಂಗಸರ ಕಾಲುಂಗುರದ ಸದ್ದು ಕೇಳಿಸಿತು. ಅವನು ಎದ್ದು ಬಾಗಿಲಿಗೆ ಹೋದ. ಪ್ರೋಗ್ರಾಂ ಇನ್ನೂ ತಯಾರಾಗಿಲ್ಲ, ನಮ್ಮ ಟೆಸ್ಟಿಂಗ್ ಬಾಯಿಯವರು ಪಾಸ್ ಮಾಡಿಲ್ಲ ಎಂದು ಅವರಿಗೆ ತಾನೇ ಹೇಳಿದ. ಹೆಂಗಸರಿಗೆ ಬೇಸರವೇನೂ ಆಗಲಿಲ್ಲ. ಬಂದ ದಾರಿ ಸುಮ್ಮನೆ ಯಾಕೆ ಹಾಳು ಎಂದು ನೆಲದ ಮೇಲೆ ಕೂತು, ತಮ್ಮ ಹೊಲಗಳನ್ನು ಹೇಳತೊಡಗಿದರು. ಅಮರನಾಥ ಖಾನೆಯ ಕೆಳಗೆ ಖಾನೆ ಹಾಕುತ್ತ ಹೋದ. ಅವನ ಬೆರಳುಗಳಿಂದ ಹೊಗೆ ಬಂತೆಂದು ಆ ಓಣಿಯಲ್ಲಿ ಈಗಲೂ ಹೇಳುವವರಿದ್ದಾರೆ.

ಎಲ್ಲ ಮುಗಿಯಿತು ಎನ್ನುವಾಗ ಅವರಲ್ಲಿ ಹಿರಿಯಳಾದ ಭೂದೇವಿ, ಸಾಲಿನ ನಡುವೆ ತಾನಾಗಿ ಏಳುವ ಸೊಪ್ಪುಗಳು ಉಳಿದವಲ್ಲ ಎಂದಳು. ಬಿತ್ತದೇ ಇದ್ದದ್ದು ಬೆಳೆ ಹೇಗಾಗುತ್ತದೆಂದು ಅಮರನಾಥ ಮೆಲ್ಲಗೆ ಕೇಳಿದ.

“ಉಣ್ತೀವಲ್ಲೋ ಯಪ್ಪಾ,” ಎಂದಳು ಭೂದೇವಿ.

ಅವನು ಕೀಲಿಮಣೆಯ ಮೇಲಿಂದ ಬೆರಳು ತೆಗೆದು, ಮಾವನನ್ನು ಬಿಟ್ಟು ಧಮ್ಮಶೀಲಾಳ ಮುಖ ನೋಡಿದ. ಹಾಕು ಎಂದು ಅವಳು ತಲೆಯಾಡಿಸಿದಳು.