ಆಮೇಲೆ ಎಂದರೆ ಎಷ್ಟು ಹೊತ್ತು

‘ಆಮೇಲೆ ಬರ್ರಿ’ ಎಂಬ ಮಾತಿನ ಉದ್ದವನ್ನು ಅಳೆಯುವ ಕೋಲನ್ನು ಇನ್ನೂ ಯಾರೂ ಕಂಡುಹಿಡಿದಂತಿಲ್ಲ. ನಮ್ಮ ಕೊಟ್ಟೂರಿನ ದರ್ಜಿಯ ಬಾಯಲ್ಲಿ ಅದು ಹಬ್ಬ ಮುಗಿಯುವ ತನಕ ಹಿಗ್ಗುತ್ತದೆ. ಮಿರ್ಚಿ ಕರಿಯುವವನ ಬಾಯಲ್ಲಿ ಬಾಣಲೆಯಲ್ಲಿರುವುದು ಕೆಂಪಗಾಗುವಷ್ಟಕ್ಕೆ ಕುಗ್ಗುತ್ತದೆ. ಮಿರ್ಚಿ ಅಂಗಡಿಯ ರಿವಾಜೇ ಬೇರೆ: ಒಮ್ಮೆ ಹೇಳಿ ಬೆಂಚಿನ ಮೇಲೆ ಕುಳಿತವನಿಗೆ ತಟ್ಟೆ ಬರುತ್ತದೆ, ನಿಂತು ಮತ್ತೆ ಮತ್ತೆ ಕೇಳುವವನ ಸರದಿ ಹಿಂದಕ್ಕೆ ಸರಿಯುತ್ತದೆ. ಗಣಿತದ ಮೇಷ್ಟ್ರಾದ ನನಗೆ ಇಂಥ ಅನಿಶ್ಚಿತ ರಾಶಿಗಳೆಂದರೆ ಆಗದು. ಹಾಗಾಗಿ ನಿಂತು ಕೇಳುತ್ತಲೇ ಇರುತ್ತೇನೆ, ಮಿರ್ಚಿ ಬರುವ ಮೊದಲೇ ನನ್ನ ಮಂಡಕ್ಕಿ ಎಷ್ಟೋ ಸಲ ಮೆತ್ತಗಾಗಿದೆ.

ಊರಿಗೆ ಇಂಟರ್‌ನೆಟ್ ಸೆಂಟರು ಬಂದ ಹೊಸದರಲ್ಲಿ ನಾನು ಪುಸ್ತಕ ನೋಡಿಕೊಂಡು ಸ್ಕ್ರಿಪ್ಟ್ ಬರೆಯಲು ಕಲಿತೆ. ಗಾಬರಿಯಾಗಬೇಡಿ, ಬೇಸರದ ಕೆಲಸವನ್ನು ಕಂಪ್ಯೂಟರಿನ ಹೆಗಲಿಗೆ ದಾಟಿಸುವ ಕೆಲವು ಸಾಲಿನ ಅಪ್ಪಣೆಯಷ್ಟೇ ಅದು. ಪಿಯುಸಿ ಫಲಿತಾಂಶದ ದಿನ, ನಮ್ಮ ಕಾಲೇಜಿನ ನೋಂದಣಿ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಜಾಲತಾಣಕ್ಕೆ ಒಪ್ಪಿಸಿ ಅಂಕ ತರಿಸುವುದು ನನ್ನ ಸಂಕಲ್ಪ. ಕೊನೆಯ ಸಂಖ್ಯೆ ಮಾತ್ರ ನನ್ನ ಹೆಂಡತಿ ಗಿರಿಜೆಯದು. ಮದುವೆಯ ಗಡಿಬಿಡಿಯಲ್ಲಿ ಇಂಗ್ಲಿಷ್ ಒಂದನ್ನು ಉಳಿಸಿಕೊಂಡಿದ್ದ ಅವಳು ಬಿಟ್ಟು ಬಿಟ್ಟು ಪರೀಕ್ಷೆ ಕಟ್ಟುತ್ತಲೇ ಇದ್ದಳು. ಪಾಸಾದರೆ ಶಿಕ್ಷಕಿಯರ ತರಬೇತಿಗೆ ಸೇರಬೇಕೆಂಬುದು ಅವಳ ಬಹುಕಾಲದ ಆಸೆ.

ಮೊದಮೊದಲು ಅಂಕಗಳು ಸರಾಗ ಬಂದವು. ಬಳಿಕ ಅಂಕದ ಬದಲು ಇಂಗ್ಲಿಷಿನ ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ನಾನು ಸ್ಕ್ರಿಪ್ಟಿಗೆ ಕಲಿಸಿದ್ದು ಒಂದೇ ನೀತಿ: ಅಂಕ ಸಿಗದಿದ್ದರೆ ಮತ್ತೆ ಕೇಳು. ಒಂದೇ ಅಪ್ಪಣೆಯನ್ನು ಸುತ್ತಿ ಸುತ್ತಿ ನಡೆಸುವ ಆ ಲೂಪು ಉಸಿರೂ ತೆಗೆದುಕೊಳ್ಳದೆ ಬಾಗಿಲು ಬಡಿಯುತ್ತಿದ್ದರೆ, ನಾನು ಅದರ ಛಲಕ್ಕೆ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಸೆಂಟರಿನ ಮಾಲೀಕ ಕೊಟ್ರೇಶಿ ಬಂದ.

“ಸರ್, ಏನು ಮಾಡಾಕ ಹತ್ತೀರಿ? ಅಂಗಡ್ಯಾಗ ಯಾರಿಗೂ ರಿಸಲ್ಟ್ ಬರವಲ್ದು.”

ಅಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಸಂಪರ್ಕ. ಜಾಲತಾಣದ ದೃಷ್ಟಿಯಲ್ಲಿ ನಾವೆಲ್ಲ ಸೇರಿ ಒಬ್ಬನೇ ತಲೆಹರಟೆ ಗಿರಾಕಿ. ಬೆನ್ನ ಹಿಂದೆ ಸುತ್ತಲಿನ ಹಳ್ಳಿಗಳಿಂದ ಬಂದ ತಂದೆತಾಯಿಗಳು ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಗಿರಿಜೆ ಪರದೆಯತ್ತ ಬಗ್ಗಿದಳು.

“ಅದು ಇಲ್ಲ ಅಂದಿಲ್ರಿ. ಭಾಳ ಸಲ ಕೇಳೀರಿ, ಸ್ವಲ್ಪ ತಡದು ಕೇಳ್ರಿ ಅಂತ ಐತಿ.”

ಇಂಗ್ಲಿಷಿನಲ್ಲೇ ನಪಾಸಾಗುತ್ತಿದ್ದವಳು ಓದಿದ ಆ ಸಾಲನ್ನು ನನ್ನ ಲೂಪೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಜಾಲತಾಣ ಒಮ್ಮೆ ತಡೆದರೆ ತುಸು ಕಾಯಿ, ಮತ್ತೆ ತಡೆದರೆ ಅದರ ಎರಡರಷ್ಟು ಕಾಯಿ ಎಂದು ತಿದ್ದಿ ಬರೆದೆ. ಏನಾಶ್ಚರ್ಯ, ಸ್ವಲ್ಪ ಹೊತ್ತಿಗೆ ಎಲ್ಲರ ಪರದೆಯಲ್ಲೂ ಅಂಕಗಳು ಇಳಿಯತೊಡಗಿದವು.

ಕೊನೆಗೆ ಗಿರಿಜೆಯದೂ ಬಂತು. ಇಂಗ್ಲಿಷ್ ಮತ್ತೆ ಹೋಗಿತ್ತು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮನೆಗೆ ನಡೆಯುತ್ತ, “ಮತ್ತ ಯಾವಾಗ ಕಟ್ತಿ?” ಎಂದೆ. ಅವಳು ಹೆಜ್ಜೆ ಬಿರುಸು ಮಾಡಿದಳು. “ಮುಂದಿನ ಪರೀಕ್ಷೆಗೇ ಕಟ್ಟಿಬಿಡು” ಎಂದೆ.

“ಆಮ್ಯಾಲೆ ಹೇಳ್ತೀನ್ರಿ” ಎಂದಳು. ದನಿ ಒಡೆದಿತ್ತು. ನಾಲಗೆಯ ತುದಿಗೆ ಬಂದಿದ್ದ ಇನ್ನೊಂದು ಪ್ರಶ್ನೆಯನ್ನು ನುಂಗಿಕೊಂಡೆ.

ಅವಳ ‘ಆಮೇಲೆ’ ಮಳೆಗಾಲವನ್ನೂ ದಾಟಿತು. ನಾನು ಕೇಳಲಿಲ್ಲ, ಕೇಳದಿರುವುದು ಇಷ್ಟು ಕಷ್ಟದ ಕೆಲಸವೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಚಹದ ಲೋಟ ಮುಂದಿಡುತ್ತ ಅವಳೇ, “ಪರೀಕ್ಷಾಕ ಕಟ್ಟಾಕ ಕೊನೀ ದಿನ ಯಾವಾಗ್ರಿ?” ಎಂದಳು.

ದಿನಾಂಕ ನನಗೆ ಬಾಯಿಪಾಠವಾಗಿತ್ತು. ಥಟ್ಟನೆ ಹೇಳಿದರೆ ಇಷ್ಟು ದಿನ ಅದಕ್ಕೇ ಕಾದು ಕುಳಿತಿದ್ದೆನೆಂದು ಗೊತ್ತಾದೀತೆಂದು, ಒಂದು ಗುಟುಕು ಚಹ ಕುಡಿದು ಆಮೇಲೆ ಹೇಳಿದೆ.