ಹಿಂಡಿಗೊಂದು ಅಕ್ಷರ

ನಮ್ಮ ಮನೆಯಲ್ಲಿ ಕುರಿ ಎಷ್ಟಿವೆ ಎಂದು ಯಾರು ಕೇಳಿದರೂ ಉತ್ತರ ಒಂದೇ: "ಒಂದ್ ಇಪ್ಪತ್ತ ಅದಾವ್ರಿ." ಲಸಿಕೆ ಹಾಕಲು ಬಂದವರು ಕೇಳಲಿ, ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿಕೊಂಡ ರೈತ ಕೇಳಲಿ, ಮದುವೆಮನೆಯಲ್ಲಿ ಪಕ್ಕದ ಎಲೆಯವರು ಕೇಳಲಿ, ಇಪ್ಪತ್ತೇ. ಮರಿ ಹುಟ್ಟಿದರೂ ಇಪ್ಪತ್ತು, ತೋಳ ಹೊತ್ತೊಯ್ದರೂ ಇಪ್ಪತ್ತು. ಎಣಿಕೆ ಬಾಯಿಂದ ಹೊರಬಿದ್ದರೆ ಹಿಂಡಿಗೆ ದೃಷ್ಟಿ ತಾಗುತ್ತದೆ ಎಂಬುದು ಅಪ್ಪನ ನಂಬಿಕೆ. ನಿಜವಾದ ಸಂಖ್ಯೆ ಹೇಳುವುದು ಒಬ್ಬನಿಗೆ ಮಾತ್ರ, ಹಿಂಡನ್ನು ಕೊಳ್ಳುವವನಿಗೆ. ಅದನ್ನು ಹೇಳಿದ ಗಳಿಗೆಯಿಂದ ಆ ಕುರಿಗಳು ನಮ್ಮವಲ್ಲ.

ಮಹಾರಾಷ್ಟ್ರದ ಗಡಹಿಂಗ್ಲಜದಿಂದ ಕರ್ನಾಟಕದ ಗಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅಣ್ಣ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಾನೆ, ವಾರದ ರಜೆಗೆ ಮೋಟರ್‌ಸೈಕಲ್ ಮೇಲೆ ಬರುತ್ತಾನೆ. ನಾನಿರುವುದು ಕೊಲ್ಲಾಪುರದಲ್ಲಿ, ಒಂದು ಸಣ್ಣ ಆಫೀಸಿನಲ್ಲಿ. ಕ್ಯಾಮೆರಾ ಕಂಡದ್ದನ್ನು ಕಂಪ್ಯೂಟರಿಗೆ ಅರ್ಥಮಾಡಿಸುವ ಮಾಡೆಲ್‌ಗಳನ್ನು ಕಟ್ಟುವುದು ಅಲ್ಲಿಯ ಕೆಲಸ. ಆ ಮಾಡೆಲ್‌ಗಳ ಒಳಗೆ ಹರಿಯುವುದೆಲ್ಲ ಸಂಖ್ಯೆಗಳು. ಅವನ್ನು ಸಾಲುಸಾಲಾಗಿ ಜೋಡಿಸಿಟ್ಟ ಪೆಟ್ಟಿಗೆಗೆ ಟೆನ್ಸರ್ ಎನ್ನುತ್ತಾರೆ. ಪ್ರತಿ ಹಂತದಲ್ಲೂ ಪೆಟ್ಟಿಗೆಯ ಅಳತೆ ಬದಲಾಗುತ್ತದೆ. ಒಂದು ಹಂತದಿಂದ ಬಂದದ್ದು ಮುಂದಿನ ಹಂತಕ್ಕೆ ಕೂಡಬೇಕು, ಕೂಡದಿದ್ದರೆ ಕೆಲಸ ಕೆಟ್ಟಿತು. ನಾನು ಮಾಡೆಲ್ ಓಡಿಸುವ ಮೊದಲೇ ಕಾಗದದ ಮೇಲೆ ಅಳತೆಗಳನ್ನು ಒಂದೊಂದೇ ಹಂತ ಬರೆದು ನೋಡುತ್ತೇನೆ, ಅದೂ ಸಂಖ್ಯೆಗಳಲ್ಲಿ ಅಲ್ಲ, ಅಕ್ಷರಗಳಲ್ಲಿ. ಅಗಲಕ್ಕೆ ಅ, ಎತ್ತರಕ್ಕೆ ಎ. ಪಕ್ಕದ ಮೇಜಿನ ಮರಾಠಿ ಗೆಳತಿ, "ಇದೇನು ನಿನ್ನ ಜಿಲೇಬಿ?" ಎಂದು ಕನ್ನಡ ಅಕ್ಷರಗಳನ್ನು ಕಂಡು ನಗುತ್ತಾಳೆ. ನಗಲಿ. ಅಕ್ಷರದಲ್ಲಿ ಲೆಕ್ಕ ಕೂಡಿದರೆ ನಾಳೆ ಚಿತ್ರ ದೊಡ್ಡದಿರಲಿ, ಚಿಕ್ಕದಿರಲಿ, ಕೂಡುತ್ತದೆ. ಸಂಖ್ಯೆಯಲ್ಲಿ ಕೂಡಿದರೆ ಅದು ಇವತ್ತಿನ ಮಾತು ಅಷ್ಟೆ.

ಅಪ್ಪನ ಕಣ್ಣು ಹೋಗುತ್ತ ಬಂದಿತ್ತು. ನರ ಒಣಗಿದೆ, ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳಿ ಎಂದರು ಡಾಕ್ಟರು. ಕೈಗೆ ಸಿಕ್ಕ ಕುರಿಯನ್ನು ಅವನು ಮುಟ್ಟಿಯೇ ಗುರುತಿಸುತ್ತಿದ್ದ. ಮೇಯಿಸಲು ಅತ್ತಿಗೆ ಜೊತೆಗಿದ್ದಳು. ಆದರೆ ಮಳೆಗಾಲದಲ್ಲಿ ಗೊರಸು ಕೊಳೆತು ಕುಂಟುವ ಕುರಿಯನ್ನು ನಡಿಗೆಯಲ್ಲೇ ಕಂಡುಹಿಡಿಯುವ ಕಣ್ಣು ಆ ಮನೆಯಲ್ಲಿ ಅವನೊಬ್ಬನಿಗೇ ಇದ್ದದ್ದು. ಆ ವರ್ಷ ಒಂದು ಒಳ್ಳೆಯ ಕುರಿ ಕಾಲಿಗೆ ಹುಳ ಬಿದ್ದು ಸತ್ತಿತು. ಅದು ಕುಂಟುತ್ತಿದ್ದುದು ಯಾರಿಗೂ ಗೊತ್ತಾಗಿರಲಿಲ್ಲ.

"ಮಾರಿಬಿಡೂಣ ಅಪ್ಪಾ," ಎಂದ ಅಣ್ಣ. "ಕಣ್ಣ ಕಾಣಲಾರದ ಅವುನ್ನ ಕಾಯಾಕ ಹೋಗಿ ಸಾಯಿಸೂದ ಪಾಪ. ನೀ ನನ್ನ ಕೂಡ ಇಚಲಕರಂಜಿಗೆ ಬಾ."

ಅಪ್ಪ ಕಂಬಳಿ ಕೊಡವಿ ದೊಡ್ಡಿಗೆ ಹೋದ. ನನಗೆ ಅಣ್ಣನ ಮೇಲೆ ರೇಗಿತು. ಅವನು ಹೇಳಿದ್ದು ಸರಿ ಇತ್ತು ಎಂದೇ ಇನ್ನೂ ರೇಗಿತು. ಆ ಹಿಂಡಿಲ್ಲದ ಅಪ್ಪ ಹೇಗಿರುತ್ತಾನೆಂದು ಊಹಿಸಿಕೊಳ್ಳಲೂ ನನಗೆ ಭಯ.

"ಕುಂಟೂ ಕುರಿ ತೋರಸೂ ಫೋನ್ ನಾ ಮಾಡಿ ಕೊಡ್ತೇನಿ. ಕೊಟ್ಟರ ಮಾರೂದಿಲ್ಲ ಹೌದಿಲ್ಲೊ?" ಎಂದೆ.

ಅಣ್ಣ ಒಪ್ಪಿದ. ಆದರೆ ದಲಾಲನಿಗೆ ದಸರೆ ಕಳೆದ ಮೊದಲ ರವಿವಾರ ಬಾ ಎಂದು ಹೇಳಿಯೂ ಬಿಟ್ಟ.

ಗೆಳತಿ ಕೈಜೋಡಿಸಿದಳು. ದೊಡ್ಡಿಯ ಬಾಗಿಲ ಕಂಬಕ್ಕೆ ಫೋನು, ಮುಂಜಾನೆ ಹೊರಬೀಳುವ ಪ್ರತಿ ಕುರಿಯದೂ ಒಂದಿಷ್ಟು ಚಿತ್ರ, ಚಿತ್ರಗಳಿಂದ ನಡಿಗೆ, ನಡಿಗೆಯಿಂದ ತೀರ್ಪು. ಚಿತ್ರ ನೋಡುವ ಮೊದಲರ್ಧ ನನ್ನದು, ತೀರ್ಪು ಕೊಡುವ ಎರಡನೆಯದು ಅವಳದು. ಗುರುತಿಗಾಗಿ ಅಣ್ಣನೇ ಮಗ್ಗದ ಶೆಡ್ಡಿನಿಂದ ಬಣ್ಣಬಣ್ಣದ ಬಟ್ಟೆಯ ಅಂಚು ತಂದು ಕುರಿಗಳ ಕೊರಳಿಗೆ ಒಂದೊಂದು ಬಣ್ಣ, ಇಲ್ಲವೆ ಜೋಡಿ ಬಣ್ಣ ಕಟ್ಟಿದ. ಫೋನು ಕೂಗಬೇಕಾದ ಮಾತುಗಳಿಗೆ ನಾನು ದನಿ ಕೊಟ್ಟೆ: "ಅಪ್ಪಾ, ಕೆಂಪ ಪಟ್ಟಿ." "ಅಪ್ಪಾ, ಹಳದಿ ಮತ್ತ ಹಸರ."

ದಲಾಲ ಬರುವ ಹಿಂದಿನ ದಿನ, ಶನಿವಾರ ಮುಂಜಾನೆ ಬಾಗಿಲು ತೆಗೆದೆವು. ಕುರಿಗಳು ನುಗ್ಗಿದವು. ಕೆಂಪು ಪಟ್ಟಿಯ ಕುರಿ ಕೊನೆಯಲ್ಲಿ ಮುಂಗಾಲು ಎತ್ತೆತ್ತಿ ಇಡುತ್ತಿದ್ದುದು ನನಗೇ ಕಾಣುತ್ತಿತ್ತು. ಫೋನು ಕೂಗಿತು: "ಅಪ್ಪಾ, ಹಸರ ಪಟ್ಟಿ." ಅತ್ತಿಗೆ ಹಸಿರು ಪಟ್ಟಿಯದನ್ನು ಹಿಡಿದುಕೊಟ್ಟಳು. ಅಪ್ಪ ಕೂತು ನಾಲ್ಕೂ ಗೊರಸುಗಳನ್ನು ಬೆರಳಿಂದ ಬಿಡಿಸಿ ಬಿಡಿಸಿ ನೋಡಿದ. ಗಟ್ಟಿಮುಟ್ಟಾಗಿತ್ತು.

"ಸಾಕ ಬಿಡ ತಂಗಿ," ಎಂದ ಅಣ್ಣ. ಬೈದಿದ್ದರೆ ವಾಸಿಯಿತ್ತು.

ಫೋನು ಎಲ್ಲಿಯೂ ತಡವರಿಸಿರಲಿಲ್ಲ, ತಪ್ಪಾಗಿದೆ ಎಂದೂ ಹೇಳಿರಲಿಲ್ಲ. ನಾನು ಕಟ್ಟೆಯ ಮೇಲೆ ಕಾಗದ ಹಿಡಿದು ಕೂತೆ. ಕುರಿಗಳು ಕ. ಒಂದು ಕುರಿಗೆ ಬರುವ ಚಿತ್ರಗಳು ಚಿ. ಒಳಗೆ ಹೋಗುವಾಗ ಪೆಟ್ಟಿಗೆಯ ಅಳತೆ ಕ, ಚಿ, ಎ, ಅ. ಮೊದಲ ಹಂತದಲ್ಲಿ ಎತ್ತರ ಅರ್ಧ, ಅಗಲ ಅರ್ಧ, ಸರಿ. ಮುಂದೆ ಎಲ್ಲ ಕುರಿಗಳ ಚಿತ್ರಗಳನ್ನೂ ಒಂದೇ ರಾಶಿಯಾಗಿ ಸುರಿಯುತ್ತೇವೆ, ರಾಶಿಯ ಉದ್ದ ಕ ಗುಣಿಸು ಚಿ, ಅದೂ ಸರಿ. ಅಲ್ಲಿಗೆ ನನ್ನ ಅರ್ಧ ಮುಗಿಯಿತು. ಗೆಳತಿಯ ಅರ್ಧದಲ್ಲಿ ಆ ರಾಶಿಯನ್ನು ಮತ್ತೆ ಕುರಿಗೊಂದು ಸಾಲಿನಂತೆ ಬಿಡಿಸಬೇಕು. ಕ ಸಾಲುಗಳು, ಸಾಲಿಗೆ ಚಿ. ಆದರೆ ಅಲ್ಲಿ ಕ ಇರಲಿಲ್ಲ. 20 ಇತ್ತು. ಇಪ್ಪತ್ತು ಸಾಲು ಮಾಡು, ಒಂದೊಂದು ಸಾಲಿಗೆ ಎಷ್ಟು ಬರುತ್ತದೋ ನೀನೇ ನೋಡಿಕೋ ಎಂದು ಬರೆದಿತ್ತು. ಹಾಗಾದರೆ ಸಾಲಿಗೆ ಬರುವುದು ಚಿ ಅಲ್ಲ, ಕ ಗುಣಿಸು ಚಿ, ಭಾಗಿಸು ಇಪ್ಪತ್ತು. ಕಾಗದದ ಮೇಲೆ ಕುರಿಗಳ ಕೆಳಗೆ ಇಪ್ಪತ್ತು ಕೂತಿತ್ತು. ಹಿಂಡನ್ನು ಇಪ್ಪತ್ತರಿಂದ ಭಾಗಿಸಲು ಇವಳಿಗೆ ಯಾರು ಹೇಳಿದರು?

ಅಲ್ಲೇ ಇತ್ತು ತಪ್ಪು. ಒಂದು ಕುರಿಯ ಸಾಲಿಗೆ ಮುಂದಿನದರ ಚಿತ್ರಗಳು ಸೇರಿಕೊಂಡಿದ್ದವು, ಕೊನೆಯವುಗಳಿಗೆ ತೀರ್ಪೇ ಇರಲಿಲ್ಲ, ಕೆಂಪು ಪಟ್ಟಿಯ ಕುಂಟು ಹಸಿರು ಪಟ್ಟಿಯ ಲೆಕ್ಕಕ್ಕೆ ಬಿದ್ದಿತ್ತು. ಭಾಗಿಸಿದಾಗ ಶೇಷ ಉಳಿದಿದ್ದರೆ ಮಾಡೆಲ್ ಅಲ್ಲೇ ನಿಂತು ಕಿರುಚುತ್ತಿತ್ತು. ನಮ್ಮ ದುರದೃಷ್ಟಕ್ಕೆ ಶೇಷ ಉಳಿದಿರಲಿಲ್ಲ.

ಗೆಳತಿಗೆ ಫೋನು ಮಾಡಿ, ಈ ಇಪ್ಪತ್ತು ಎಲ್ಲಿಂದ ಬಂತು ಎಂದು ಜಗಳಕ್ಕೇ ಇಳಿದೆ. ಅವಳು ಜೋರಾಗಿ, "ವಿಡಿಯೊ ಹಿಡಿಯಲು ನಿಮ್ಮೂರಿಗೆ ಬಂದಾಗ ನಿನ್ನ ಅಪ್ಪನನ್ನೇ ಕೇಳಿದ್ದೆ. ವೀಸೇಕ ಅಸತೀಲ ಅಂದರು!" ಎಂದಳು. ಇಪ್ಪತ್ತರಷ್ಟು ಇರಬಹುದು, ಎಂದು ಮರಾಠಿಯಲ್ಲಿ. ಪರೀಕ್ಷೆಯ ವಿಡಿಯೊವನ್ನೂ ಇಪ್ಪತ್ತು ಕುರಿಗೇ ಕತ್ತರಿಸಿದ್ದಳಂತೆ, ಅದಕ್ಕೇ ಆಫೀಸಿನಲ್ಲಿ ಎಲ್ಲ ಕೂಡಿತ್ತು.

ನನ್ನ ಸಿಟ್ಟು ಇಳಿದುಹೋಯಿತು. ಇಪ್ಪತ್ತು ಎಂದರೆ ನಮ್ಮಲ್ಲಿ ಸಂಖ್ಯೆಯಲ್ಲ, ಇದ್ದಷ್ಟು ಎಂದು ಅರ್ಥ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹುಟ್ಟಿದಾಗಿನಿಂದ ಕೇಳುತ್ತ ಬಂದ ನನಗೇ ಅದನ್ನು ಬಿಡಿಸಿ ಹೇಳುವ ಪ್ರಸಂಗ ಬಂದಿರಲಿಲ್ಲ. ಅಪ್ಪನ ಇಪ್ಪತ್ತೂ ನನ್ನ ಕ ಅಕ್ಷರವೂ ಒಂದೇ. ಇಪ್ಪತ್ತನ್ನು ತೆಗೆದು ಆ ಜಾಗದಲ್ಲಿ ಕ ಇಟ್ಟೆ. ಕೊನೆಯ ಹಂತದವರೆಗೂ ಲೆಕ್ಕ ಕೂಡುತ್ತ ಹೋಯಿತು.

ಸಂಜೆ ಅಪ್ಪ ಬಂದು ಪಕ್ಕದಲ್ಲಿ ಕೂತ. "ಯವ್ವಾ, ಒಂದ್ ಮಾತ. ಆ ಫೋನ್ ನಮ್ಮ ಕುರಿ ಎಣಸ್ತದೇನ?"

ಈ ಪ್ರಶ್ನೆಯನ್ನು ಅವನು ಅಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನೆಂದು ಆಗ ತಿಳಿಯಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಕುರಿ ಬಾಗಲಾ ದಾಟೂ ಮುಂದ ಅದಕ್ಕ ಗೊತ್ತಾಗ್ತದಪ್ಪಾ. ದಾಟಿದ ಮ್ಯಾಲ ಮರೀತೈತಿ. ಎಲ್ಲೀನೂ ಬರದಿಟ್ಟಿಲ್ಲ, ಯಾರಿಗೂ ಹೇಳೂದಿಲ್ಲ."

ಅಪ್ಪ ಕಂಬಳಿಯನ್ನು ಹೆಗಲಿಗೆಳೆದುಕೊಂಡ. "ಹಂಗಾರ ಅಡ್ಡಿಯಿಲ್ಲ. ನನಗೂ ಗೊತ್ತೈತಿ, ನಾನೂ ಹೇಳೂದಿಲ್ಲ."

ರವಿವಾರ ಮುಂಜಾನೆ ಮತ್ತೆ ಬಾಗಿಲು ತೆಗೆದೆವು. ಹಿಂಡಿನ ತುದಿ ದಾಟಿದ ಮೇಲೆ ನನ್ನದೇ ದನಿ ಕಂಬದಿಂದ ಕೂಗಿತು: "ಅಪ್ಪಾ, ಕೆಂಪ ಪಟ್ಟಿ." ಅತ್ತಿಗೆ ಓಡಿ ಹಿಡಿದಳು. ಅಪ್ಪ ಮುಂಗಾಲಿನ ಗೊರಸು ಬಿಡಿಸಿದ, ಮೂಗಿಗೆ ಹಿಡಿದ. "ಈಗಷ್ಟ ಕೊಳ್ಯಾಕ ಹತ್ತೇತಿ. ಹುಳ ಬಿದ್ದಿಲ್ಲ. ಉಳೀತು," ಎಂದ. ಅಣ್ಣ ಔಷಧದ ಡಬ್ಬಿ ತಂದು ಅಪ್ಪನ ಕೈಗಿಟ್ಟ. ನನಗೆ ಅಳು ಬಂತು, ಬೆನ್ನು ತಿರುಗಿಸಿ ನಿಂತೆ.

ದಲಾಲ ಬಂದದ್ದು ಮಧ್ಯಾಹ್ನ. ಬೇಡವೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಅತ್ತಿಗೆ ಚಹಾ ಕೊಟ್ಟಳು. ಅವನು ಬಸಿ ಕೆಳಗಿಟ್ಟು ಬಾಯಿ ಒರೆಸಿಕೊಂಡು ಅಣ್ಣನನ್ನು ಕೇಳಿದ: "ಹೇಳ್ರಿ, ಎಷ್ಟ ಅದಾವ ಕುರಿ?"

ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅಣ್ಣನ ಮುಖ ಅವನಿಗೆ ಕಾಣುವ ಹಾಗಿರಲಿಲ್ಲ. ದನಿ ಬರುವ ಕಡೆಗೆ ಕಿವಿ ಕೊಟ್ಟು ಕಾಯುತ್ತಿದ್ದ.

"ಒಂದ್ ಇಪ್ಪತ್ತ ಅದಾವ್ರಿ," ಎಂದ ಅಣ್ಣ.